ಕಬ್ಬಿಣದ ರುಚಿ

ಡಾಕ್ಟರು ಹಲ್ಲಿನ ತಂತಿ ಬಿಗಿಯುವಾಗ ನಿರಂಜನನಿಗೆ ನೋವಾಗಲಿಲ್ಲ. ನೋವು ಎರಡು ಮೂರು ಗಂಟೆ ತಡವಾಗಿ ಬರುತ್ತದೆ ಎಂಬುದು ಈ ಐದು ತಿಂಗಳಲ್ಲಿ ಅವನಿಗೆ ಗೊತ್ತಾಗಿಹೋಗಿತ್ತು. ಕುರ್ಚಿಯಲ್ಲಿ ಅಂಗಾತ ಮಲಗಿ, ತುಟಿಗಳನ್ನು ಪ್ಲಾಸ್ಟಿಕ್ ಕೊಕ್ಕೆಗಳಿಗೆ ಒಪ್ಪಿಸಿ, ತಲೆಯ ಮೇಲಿನ ದೀಪದ ಗಾಜಿನೊಳಗೆ ಸಿಕ್ಕಿ ಸತ್ತ ಹುಳುವೊಂದನ್ನು ಅವನು ನೋಡುತ್ತಿದ್ದ. ಹೋದ ತಿಂಗಳೂ ಆ ಹುಳು ಅಲ್ಲೇ ಇತ್ತು. ಹಾಸನದಿಂದ ತಿಂಗಳಿಗೊಂದು ಶನಿವಾರ ಚಿಕ್ಕಮಗಳೂರಿಗೆ ಬಂದುಹೋಗುವ ಈ ಡಾಕ್ಟರು ಅವನಿಗಿಂತ ಹತ್ತು ವರ್ಷವಾದರೂ ಚಿಕ್ಕವರು. ಆದರೂ ಆ ಕುರ್ಚಿಯಲ್ಲಿ ಒರಗಿದೊಡನೆ ನಲವತ್ತೆರಡರ ನಿರಂಜನ ಹೋಂವರ್ಕ್ ಮಾಡದೆ ಬಂದ ಹುಡುಗನಾಗಿಬಿಡುತ್ತಿದ್ದ. ‘ಒಸಡಲ್ಲಿ ರಕ್ತ ಬರ್ತಾ ಇದೆ ನೋಡಿ. ಬ್ರಶ್ ಸರಿಯಾಗಿ ಮಾಡ್ತಿಲ್ಲ ನೀವು. ನಿಮ್ಮ ಮಗಳದ್ದು ಎಷ್ಟು ಚೆನ್ನಾಗಿ ಹೊಂದ್ಕೊಂಡಿದೆ! ಮಕ್ಕಳ ಎಲುಬು ಮೆತ್ತಗಿರ್ತದೆ ಸಾರ್, ಹೇಳಿದ ಹಾಗೆ ಕೇಳ್ತದೆ. ನಿಮ್ಮದು ಕೇಳೋದಿಲ್ಲ.’ ಅವನಿಗೆ ಒಂದು ಪ್ರಶ್ನೆ ಕೇಳಬೇಕಿತ್ತು. ತಂತಿ ಇರುವಷ್ಟು ದಿನವೂ ರುಚಿ ಹೀಗೇ ಕೆಟ್ಟಿರುತ್ತದೆಯೇ ಎಂಬ ಪ್ರಶ್ನೆ. ಕೊಕ್ಕೆ ಹಾಕಿದ ಬಾಯಿಂದ ಅದು ಎಮ್ಮೆ ಕೂಗಿದಂತೆ ಹೊರಟಿತು. ಡಾಕ್ಟರು ಬೇರೇನೋ ಅರ್ಥ ಮಾಡಿಕೊಂಡು, ‘ಇನ್ನೊಂದು ವರ್ಷ ಸಾರ್, ಜಾಸ್ತಿ ಇಲ್ಲ’ ಎಂದರು.

ಹೊರಗಿನ ಬೆಂಚಿನಲ್ಲಿ ಯೂನಿಫಾರಂ ತೊಟ್ಟ ಮಕ್ಕಳು, ಅವರ ತಾಯಂದಿರು. ಬೆಳಿಗ್ಗೆ ಅವನೂ ಆ ಬೆಂಚಿನ ತುದಿಯಲ್ಲಿ ಕೂತಿದ್ದಾಗ ಪಕ್ಕದ ಹೆಂಗಸು, ‘ನಿಮ್ಮ ಮಗು ಒಳಗಿದ್ಯಾ?’ ಎಂದು ಕೇಳಿದ್ದರು. ಹೌದೆಂದು ತಲೆಯಾಡಿಸಿದ್ದ. ಅದು ಸುಳ್ಳೇನಲ್ಲ, ಗಾನಶ್ರೀ ಒಳಗೇ ಇದ್ದಳು. ಅವಳು ಹೊರಗೆ ಬಂದು, ‘ಅಪ್ಪಾ, ಈಗ ನೀನು’ ಎಂದು ಗೆಳತಿಯ ಜೊತೆ ಟ್ಯೂಶನ್ನಿಗೆ ಓಡಿದಳು. ಕಾಂಪೌಂಡರು ಕರಡಿಮರಿಯ ಚಿತ್ರವಿದ್ದ ಫೈಲು ಹಿಡಿದು ‘ನಿರಂಜನ’ ಎಂದು ಕೂಗಿದಾಗ, ಆ ಹೆಂಗಸು ಹುಡುಗನೊಬ್ಬ ಏಳುತ್ತಾನೆಂದು ಅತ್ತಿತ್ತ ನೋಡಿದರು. ಎದ್ದವನು ಇವನು. ಇಷ್ಟು ಸಣ್ಣ ಅವಮಾನಕ್ಕೆ ಮುಖ ಬಿಸಿಯಾಗಬಾರದು ಎಂದುಕೊಂಡ. ಆದರೂ ಆಯಿತು.

ಇದೆಲ್ಲ ಶುರುವಾದದ್ದು ಕಳಸದಲ್ಲಿ, ಅಣ್ಣನ ಹೊಸ ಮನೆಯ ಗೃಹಪ್ರವೇಶದ ದಿನ. ಊಟವಾದ ಮೇಲೆ ಫೋಟೋದವನು ಎಲ್ಲರನ್ನೂ ಮೆಟ್ಟಿಲ ಮೇಲೆ ನಿಲ್ಲಿಸಿದ್ದ. ಯಾರೋ ಏನೋ ತಮಾಷೆ ಮಾಡಿದರು, ಹದಿಮೂರರ ಗಾನಶ್ರೀ ಬಾಯಿತುಂಬ ನಕ್ಕಳು. ‘ಬಾಯಿ ಮುಚ್ಕೊಂಡು ನಗು ಮಗಾ’ ಎಂದ ನಿರಂಜನ. ಎಷ್ಟು ಮೆಲ್ಲಗೆ ಹೇಳಿದೆನೆಂದು ಅವನು ಅಂದುಕೊಂಡಿದ್ದನೋ ಅಷ್ಟು ಮೆಲ್ಲಗೆ ಅದು ಹೋಗಿರಲಿಲ್ಲ. ಮೆಟ್ಟಿಲ ಮೇಲಿದ್ದ ಇಪ್ಪತ್ತು ಜನ ಅವಳ ಕಡೆ ತಿರುಗಿದರು. ಮಗಳು ಬಾಯಿ ಮುಚ್ಚಿದಳು. ಆ ಫೋಟೋದಲ್ಲಿ ಅವಳೊಬ್ಬಳು ಯಾರದೋ ಸಾವಿಗೆ ಬಂದವಳಂತೆ ನಿಂತಿದ್ದಾಳೆ. ಅವನ ಅಮ್ಮ ಬದುಕಿದ್ದಷ್ಟು ಕಾಲ ಸೆರಗಿನ ಮರೆಯಲ್ಲೇ ನಕ್ಕವಳು. ಶಾಲೆಯ ಮೇಷ್ಟರಾಗಿದ್ದ ಅಪ್ಪ ಇವನಿಗೂ ಅದನ್ನೇ ಹೇಳಿ ಬೆಳೆಸಿದ್ದರು: ಹಲ್ಲು ಒಳಗಿಡು. ತನ್ನ ಕಡೆಯಿಂದಲೇ ಬಂದ ಉಬ್ಬುಹಲ್ಲನ್ನು ಮಗಳ ಬಾಯಲ್ಲಿ ಕಂಡು ತಾನೇ ನಾಚಿಕೊಂಡೆನಲ್ಲ ಎಂದು ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು. ಎರಡು ತಿಂಗಳು ಅವಳು ಮನೆಯಲ್ಲಿ ಸರಿಯಾಗಿ ಮಾತೇ ಆಡಲಿಲ್ಲ. ತಂತಿ ಹಾಕಿಸೋಣ ಎಂದಾಗ, ‘ನಂಗ್ಯಾಕೆ? ನಿಂಗೂ ಹಾಗೇ ಇದೆಯಲ್ಲ, ನೀನು ಹಾಕಿಸ್ಕೋ’ ಎಂದಳು. ‘ಹಾಕಿಸ್ಕೊಳ್ತೀನಿ, ಇಬ್ರೂ ಹಾಕಿಸ್ಕೊಳ್ಳೋಣ’ ಎಂದುಬಿಟ್ಟ. ಹೆಂಡತಿ ಸುಶೀಲಾ ತರಕಾರಿ ಹೆಚ್ಚುತ್ತಿದ್ದವಳು ಈಳಿಗೆಮಣೆಯಿಂದ ತಲೆಯೆತ್ತಿ, ‘ನಿಮಗೇನು ಮರುಳಾ? ನಿಮ್ಮ ಹೊಟ್ಟೆಪಾಡೇ ಬಾಯಲ್ಲಿದೆ’ ಎಂದಿದ್ದಳು. ‘ತಂತಿ ಹಲ್ಲಿಗಲ್ವೇನೇ, ನಾಲಿಗೆಗೇನು?’ ಎಂದು ಇವನು ನಕ್ಕಿದ್ದ. ಆ ನಗುವಿನಲ್ಲಿ ತನ್ನದೂ ಸ್ವಲ್ಪ ಆಸೆ ಇತ್ತೆಂದು, ಒಂದು ಫೋಟೋದಲ್ಲಾದರೂ ತಾನೂ ಬಾಯಿಬಿಟ್ಟು ನಿಲ್ಲಬೇಕೆಂಬ ಆಸೆ ಇತ್ತೆಂದು, ಅವನು ಯಾರಿಗೂ ಹೇಳಲಿಲ್ಲ.

ಅವನ ಹೊಟ್ಟೆಪಾಡು ನಿಜವಾಗಿಯೂ ಬಾಯಲ್ಲೇ ಇತ್ತು. ತೋಟಗಳಲ್ಲಿ ತೊಳೆದು ಒಣಗಿಸಿ ಕಳಿಸುವ ಪಾರ್ಚ್‌ಮೆಂಟ್ ಕಾಫಿಬೀಜದ ಸಿಪ್ಪೆ ತೆಗೆದು, ವಿಂಗಡಿಸಿ, ಮೂಟೆ ಕಟ್ಟಿ ಕಳಿಸುವ ಕ್ಯೂರಿಂಗ್ ವರ್ಕ್ಸಿನಲ್ಲಿ ಅವನು ಹದಿನೇಳು ವರ್ಷದಿಂದ ರುಚಿ ನೋಡುವವನು. ಒಂದೊಂದು ತೋಟದ ಮಾದರಿಯನ್ನೂ ಹುರಿದು, ಪುಡಿ ಮಾಡಿ, ಬಿಳಿ ಬಟ್ಟಲುಗಳಲ್ಲಿ ಬಿಸಿನೀರು ಹೊಯ್ದು ತಿರುಗುವ ಮೇಜಿನ ಸುತ್ತ ಇಡುತ್ತಾರೆ. ಅವನು ಚಮಚದಲ್ಲಿ ಎತ್ತಿ ಸೊರ್ರೆಂದು ಎಳೆದು, ಬಾಯಿತುಂಬ ಹರಡಿಸಿ, ಪಕ್ಕದ ಪೀಕದಾನಿಗೆ ಉಗುಳಿ, ಚೀಟಿ ಬರೆಯುತ್ತಾನೆ. ಆ ಸೊರ್ರೆನ್ನುವ ಸದ್ದಿಗೆ ಹೊಸಬರು ನಗುತ್ತಿದ್ದರು, ಹಳಬರು ಮರ್ಯಾದೆಯಿಂದ ಕಾಯುತ್ತಿದ್ದರು. ತಂತಿ ಹಾಕಿಸಿಕೊಂಡ ಮೊದಲ ವಾರ ಎಳೆದ ಕಾಫಿ ತುಟಿಯ ಮೂಲೆಯಿಂದ ಸೋರಿ ಅಂಗಿಯ ಮೇಲೆ ಬಿತ್ತು. ಕಾಳು ಆರಿಸುತ್ತಿದ್ದ ಹೆಂಗಸರು ಬಾಗಿಲಲ್ಲಿ ನಿಂತು ನೋಡಿದರು. ಕೆನ್ನೆಯ ಒಳಗೆ ಹುಣ್ಣಾಯಿತು, ಚುಚ್ಚದಂತೆ ತಂತಿಗೆ ಮೇಣ ಮೆತ್ತಿಕೊಂಡ. ಚಪಾತಿ ಬಿಟ್ಟ, ನಿಪ್ಪಟ್ಟು ಬಿಟ್ಟ, ಮೊಸರನ್ನವನ್ನು ಹಾಗೇ ನುಂಗಿದ. ಎದುರು ಕೂತ ಗಾನಶ್ರೀ ಎಂಟನೇ ದಿನಕ್ಕೆ ಕಡಲೆಕಾಯಿ ತಿನ್ನತೊಡಗಿದ್ದಳು. ಎಲ್ಲಕ್ಕೂ ಒಗ್ಗಿಕೊಳ್ಳುತ್ತೇನೆ, ಎಲ್ಲರೂ ಒಗ್ಗಿಕೊಳ್ಳುತ್ತಾರೆ ಎಂದುಕೊಂಡ. ಸೋರದ ಹಾಗೆ ಎಳೆಯುವುದನ್ನು ಕಲಿತ. ಮಾತಿನ ತೊದಲು ಹೋಯಿತು. ಬಾಯಿಯ ಒಳಗಿನ ಆ ಬೇಲಿಯ ನಡುವೆ ತನ್ನ ನಾಲಿಗೆ ಮೊದಲಿನ ಹಾಗೇ ಇದೆಯೆಂದು ನಂಬಿದ. ಒಗ್ಗಿಕೊಳ್ಳುವುದೆಂದರೆ ಇಲ್ಲದ್ದನ್ನು ಇದೆಯೆಂದು ನಂಬುವುದೂ ಇರಬಹುದು ಎಂದು ಆಗ ಹೊಳೆಯಲಿಲ್ಲ.

ಜನವರಿ ಹತ್ತೊಂಬತ್ತು, ಸೋಮವಾರ. ಶನಿವಾರ ತಂತಿ ಬಿಗಿಸಿಕೊಂಡು ಬಂದಿದ್ದ. ಆವತ್ತು ಮೇಜಿನ ಮೇಲೆ ಒಂಬತ್ತು ಬಟ್ಟಲು. ಐದನೆಯದು ಆಲ್ದೂರಿನ ವಸಂತಮ್ಮನವರ ತೋಟದ್ದು. ಗಂಡ ತೀರಿದ ಮೇಲೆ ಇಪ್ಪತ್ತು ವರ್ಷದಿಂದ ತಾವೇ ನಿಂತು ತೋಟ ಮಾಡಿಸುವ ಹೆಂಗಸು. ಅವರ ಕಾಫಿಗೆ ಅವನು ಒಮ್ಮೆಯೂ ಕೆಟ್ಟದ್ದು ಬರೆದಿರಲಿಲ್ಲ. ಆವತ್ತು ಐದನೆಯ ಬಟ್ಟಲಿಗೆ ಬರುವ ಹೊತ್ತಿಗೆ ಬಾಯಲ್ಲಿ ಕಬ್ಬಿಣ ಹತ್ತಿತು. ಉಗುಳಿ ಮತ್ತೆ ನೋಡಿದ. ಮತ್ತೆ ಕಬ್ಬಿಣ. ಆರು, ಏಳರಲ್ಲೂ ಅದರ ನೆರಳಿತ್ತು. ಅದು ಐದರಿಂದ ಉಳಿದದ್ದು ಎಂದು ತೀರ್ಮಾನಿಸಿದ. ಹದಿನೇಳು ವರ್ಷದ ಅನುಭವ ಇದ್ದವನಿಗೆ ತೀರ್ಮಾನ ಬೇಗ ಬರುತ್ತದೆ. ಚೀಟಿಯಲ್ಲಿ ಇಂಗ್ಲಿಷಿನಲ್ಲಿ ದರ್ಜೆ ಇಳಿಸಿ ಬರೆದ. ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಅವನು ಬಿಡಲಿಲ್ಲ. ತೋಟದವರಿಗೆ ಅರ್ಥವಾಗಲಿ, ಉಪಕಾರವಾಗಲಿ ಎಂದು, ನಿಜ ಹೇಳಬೇಕೆಂದರೆ ತನಗೆ ಎಷ್ಟು ತಿಳಿಯುತ್ತದೆ ಎಂದು ಅವರಿಗೆ ಗೊತ್ತಾಗಲಿ ಎಂದು, ಕೆಳಗೆ ಕನ್ನಡದಲ್ಲಿ ದುಂಡಗೆ ಒಂದು ಸಾಲು ಸೇರಿಸಿದ: ‘ಕಬ್ಬಿಣದ ರುಚಿ ಇದೆ. ತೊಟ್ಟಿ ಸರಿಯಾಗಿ ತೊಳೆದಂತಿಲ್ಲ.’ ಬರೆಯೆಂದು ಯಾರೂ ಕೇಳಿರದ ಸಾಲು.

ಆ ಚೀಟಿಯ ವಿಷಯಕ್ಕೆ ವಸಂತಮ್ಮ ಇವತ್ತಿಗೆ ಹದಿನೈದು ದಿನದ ಹಿಂದೆ ಖುದ್ದಾಗಿ ಬಂದಿದ್ದರು. ಅರವತ್ತು ದಾಟಿದವರು, ಬಿಸಿಲಲ್ಲಿ ಜೀಪಿನಿಂದ ಇಳಿದು ನೇರ ಸ್ಯಾಂಪಲ್ ರೂಮಿಗೆ ಬಂದು ಸ್ಟೂಲಿನ ಮೇಲೆ ಕೂತರು. ‘ನಾನು ಜಗಳಕ್ಕೆ ಬಂದಿಲ್ಲ ಮಾರಾಯ್ರೇ. ಏನು ತಪ್ಪಾಗಿದೆ ಅಂತ ತಿಳ್ಕೊಳ್ಳೋಕೆ ಬಂದೆ. ಹಣ್ಣಿನ ಸಿಪ್ಪೆ ಸುಲಿದು ಪಲ್ಪ್ ಮಾಡಿ ತೊಟ್ಟೀಲಿ ಹುಳಿಬರೋಕೆ ಬಿಡೋದು, ಆಮೇಲೆ ತೊಳೆಯೋದು, ಎಲ್ಲ ನಮ್ಮ ಲಿಂಗಪ್ಪ ಮೇಸ್ತ್ರಿ ಕೈಲೇ ಆಗೋದು. ನಮ್ಮೆಜಮಾನ್ರ ಕಾಲದಿಂದ. ನಾಲ್ಕು ನೀರು ಬಿಟ್ಟು ತೊಳೀತಾನೆ. ಎಲ್ಲಿ ತಪ್ಪಿತು ಹೇಳಿ.’ ಆಗ ನಿರಂಜನ ಕೈಯಿಂದ ಬಾಯಿ ಮರೆ ಮಾಡಿಕೊಂಡು ಉಪನ್ಯಾಸ ಕೊಟ್ಟ. ತೊಟ್ಟಿಯ ಮೂಲೆಯಲ್ಲಿ ಲೋಳೆ ನಿಂತಿರಬಹುದು ಎಂದ. ವಯಸ್ಸಾದವರಿಗೆ ಬಗ್ಗಿ ಮೂಲೆ ಉಜ್ಜುವುದು ಕಷ್ಟ ಎಂದ. ವಸಂತಮ್ಮ, ‘ನಾನೂ ಹಾಗೇ ಅಂದ್ಕೊಂಡೆ. ನಿಮ್ಮ ಚೀಟೀನ ಸಂಜೆ ಮಸ್ಟರಲ್ಲಿ, ಆಳುಗಳೆಲ್ಲ ಸೇರಿದಾಗ, ಎಲ್ರ ಮುಂದೆ ಓದ್ದೆ. ಲಿಂಗಪ್ಪನ್ನ ಪಲ್ಪ್‌ಹೌಸಿಂದ ತೆಗ್ದು ನರ್ಸರಿ ಕಳೆ ಕೀಳೋಕೆ ಹಾಕಿದೀನಿ. ಒಂದು ಮಾತೂ ಆಡ್ಲಿಲ್ಲ ಪಾಪ’ ಎಂದರು. ನೀರು ಕೇಳಿ ಕುಡಿದು ಹೊರಟರು.

ಅದೇ ಸಂಜೆ ಗಾನಶ್ರೀ ಊಟಕ್ಕೆ ಕೂತವಳು ತಟ್ಟೆ ನೂಕಿ, ‘ಅಪ್ಪಾ, ತಂತಿ ಬಿಗಿಸಿದ ಮೇಲೆ ನಾಕೈದು ದಿನ ನಿಂಗೂ ಎಲ್ಲದ್ರಲ್ಲೂ ಕಬ್ಬಿಣದ ರುಚಿ ಬರ್ತಿತ್ತಾ? ನಂಗೆ ಐಸ್‌ಕ್ರೀಮಲ್ಲೂ ಬಂತು. ಆಮೇಲೆ ಹೋಯ್ತು’ ಎಂದಳು. ಸುಶೀಲಾ, ‘ಒಸಡಿನ ರಕ್ತ ಇರ್ಬೇಕು, ಉಪ್ಪುನೀರು ಮುಕ್ಕಳಿಸು’ ಎಂದು ಸಾರು ಬಡಿಸಲು ತಿರುಗಿದಳು. ನಿರಂಜನ ತುತ್ತನ್ನು ಬಾಯಲ್ಲೇ ಇಟ್ಟುಕೊಂಡು ಕೂತ. ಮರುದಿನ ಎಲ್ಲರಿಗಿಂತ ಮುಂಚೆ ವರ್ಕ್ಸಿಗೆ ಹೋಗಿ, ಕಪಾಟಿನಲ್ಲಿ ತೆಗೆದಿಟ್ಟ ಆಲ್ದೂರಿನ ಮಾದರಿಯನ್ನು ಹುರಿದು, ಬಟ್ಟಲಿಗೆ ಹಾಕಿ ಎಳೆದ. ಏನೂ ಇಲ್ಲ. ಪ್ರತಿ ವರ್ಷದಂತೆ ಶುಭ್ರವಾಗಿತ್ತು, ಕೊನೆಯಲ್ಲಿ ಆ ತೆಳು ಹುಳಿ. ಮೂರು ಸಲ ನೋಡಿದ. ಮೂರನೆಯ ಸಲ ಉಗುಳದೆ ನುಂಗಿಬಿಟ್ಟ.

ಮ್ಯಾನೇಜರ್ ಜನಾರ್ದನ ಒಳ್ಳೆಯ ಮನುಷ್ಯ, ಇವನ ಊರಿನ ಕಡೆಯವನೇ. ಬಾಗಿಲು ಮುಚ್ಚಿಕೊಂಡು ಎಲ್ಲ ಕೇಳಿ, ಕನ್ನಡಕ ತೆಗೆದು ಒರೆಸಿದ. ‘ನೋಡು ಮಾರಾಯ, ಈಗ ಒಂದು ಚೀಟಿ ತಪ್ಪು ಅಂದ್ರೆ ಅಕ್ಟೋಬರಿನಿಂದ ಕೊಟ್ಟ ಚೀಟಿ ಎಲ್ಲ ತಪ್ಪಿರ್ಬಹುದು ಅಂತಾರೆ. ನಿನ್ನನ್ನ ಆ ಮೇಜಿನ ಹತ್ರ ಕೂರಿಸೋ ಹಾಗಿಲ್ಲ ಆಮೇಲೆ. ಗೋಡೌನಲ್ಲಿ ಮೂಟೆ ಲೆಕ್ಕ ಬರೀತೀಯಾ? ಮುಂದಿನ ಸೀಸನ್ನಲ್ಲಿ ಆಯಮ್ಮನಿಗೆ ಒಳ್ಳೇದು ಬರೆದ್ರಾಯ್ತು. ಬಾಯಿ ಬಿಡ್ಬೇಡ.’ ನಿರಂಜನ ಬಾಯಿ ಬಿಡಲಿಲ್ಲ. ಹದಿಮೂರು ದಿನ. ಬಟ್ಟಲಿನಿಂದ ಬಟ್ಟಲಿಗೆ ಹೋಗುತ್ತ, ಈ ರುಚಿ ಇದರದ್ದೋ ನನ್ನದೋ ಎಂದು ತಿಳಿಯದೆ ಎಲ್ಲಕ್ಕೂ ‘ಸಾಧಾರಣ’ ಎಂದು ಬರೆದ. ಯಾರಿಗೂ ತೊಂದರೆಯಾಗದ ಪದ. ಮುಖ ಕಾಣದ ಲಿಂಗಪ್ಪ ಎಂಬ ಒಬ್ಬ ಮುದುಕ ದಿನವೂ ಸಂಜೆ ಅವನೊಳಗೆ ಎಲ್ಲರ ಮುಂದೆ ತಲೆತಗ್ಗಿಸಿ ನಿಲ್ಲುತ್ತಿದ್ದ. ಎಷ್ಟು ದಣಿವೆಂದರೆ, ಚಪ್ಪಲಿ ಕಳಚಲೂ ಬೇಸರವಾಗುತ್ತಿತ್ತು.

ಇವತ್ತು ಕ್ಲಿನಿಕ್ಕಿನಿಂದ ಇಳಿದವನು ವರ್ಕ್ಸಿನ ದಾರಿ ಹಿಡಿಯಬೇಕಿತ್ತು. ಒಂದು ಲೋಟ ತಣ್ಣನೆಯ ಹಾಲು ಕುಡಿದು, ಬಸ್‌ಸ್ಟ್ಯಾಂಡಿನಲ್ಲಿ ಸುಮ್ಮನೆ ಕೂತ. ಧೈರ್ಯ ಮಾಡಿದ್ದೇನಲ್ಲ. ಹೋಗದಿರುವುದಕ್ಕೆ ಬೇಕಾದ ಶಕ್ತಿ ಮುಗಿದುಹೋಗಿತ್ತು, ಅಷ್ಟೆ. ಎರಡು ಬಸ್ಸುಗಳನ್ನು ಬಿಟ್ಟು ಮೂರನೆಯದಕ್ಕೆ ಹತ್ತಿದ. ಫೆಬ್ರವರಿಯ ಮಧ್ಯಾಹ್ನ, ರಸ್ತೆಯುದ್ದಕ್ಕೂ ಧೂಳು, ಬಲಗಡೆ ಬಾಬಾಬುಡನ್‌ಗಿರಿಯ ಬೆನ್ನು ಬಿಸಿಲಿಗೆ ಬೆಳ್ಳಗೆ ಮಂಕಾಗಿತ್ತು. ವಸ್ತಾರೆ ದಾಟುವಾಗ ನೋವು ಬಂತು. ಮೊದಲು ಕೆಳಗಿನ ಸಾಲಿನಲ್ಲಿ, ಆಮೇಲೆ ಮೇಲಿನದರಲ್ಲಿ, ಆಮೇಲೆ ಕಿವಿಯ ಬುಡದವರೆಗೆ. ಕಂಡಕ್ಟರ್ ಪರಿಚಯದವನು, ‘ಏನ್ ಸಾರ್, ಆಲ್ದೂರಲ್ಲಿ ಮದ್ವೆನಾ?’ ಎಂದ. ಇವನು ನಗಲು ಹೋದಾಗ ತಂತಿಯ ತುದಿ ತುಟಿಗೆ ಚುಚ್ಚಿತು. ಬಾಯಿತುಂಬ ಅದೇ ರುಚಿ. ಈಗ ಅದಕ್ಕೆ ಹೆಸರು ಗೊತ್ತಿದ್ದುದರಿಂದ ಸ್ವಲ್ಪ ಸಮಾಧಾನವೂ ಆಯಿತು. ಹೇಳಬೇಕಾದ ಮಾತನ್ನು ಹಲವು ತರಹ ಜೋಡಿಸಿ ನೋಡಿದ. ಪ್ರತಿಯೊಂದರಲ್ಲೂ ತಾನು ಸ್ವಲ್ಪ ಒಳ್ಳೆಯವನಾಗಿ ಕಾಣುತ್ತಿದ್ದ. ಅದು ಅವನಿಗೇ ಸರಿಬರಲಿಲ್ಲ.

ತೋಟದ ಬಂಗಲೆಯ ಜಗಲಿಯಲ್ಲಿ ವಸಂತಮ್ಮ ಕಾಳುಮೆಣಸಿನ ಮಾದರಿಯನ್ನು ಅಂಗೈಯಲ್ಲಿ ಹಾಕಿಕೊಂಡು ನೋಡುತ್ತಿದ್ದರು. ಇವನನ್ನು ಕಂಡು ಆಶ್ಚರ್ಯದಿಂದ ಎದ್ದು, ‘ಬನ್ನಿ ಬನ್ನಿ, ಬಿಸಿಲಲ್ಲಿ ನಡ್ಕೊಂಡೇ ಬಂದ್ರಾ? ತಂಗಮ್ಮಾ, ಕಾಫಿ ತಾರೇ’ ಎಂದರು. ಕಾಫಿ ಬರುವ ಮೊದಲೇ ಹೇಳಿಬಿಡಬೇಕು ಎಂದುಕೊಂಡ. ನಿಂತೇ ಹೇಳಿದ. ಜೋಡಿಸಿಕೊಂಡು ಬಂದದ್ದು ಯಾವುದೂ ನೆನಪಿಗೆ ಬರಲಿಲ್ಲ. ‘ಅಮ್ಮ, ನಾನು ಬರೆದದ್ದು ತಪ್ಪು. ನಿಮ್ಮ ಕಾಫೀಲಿ ಏನೂ ಇರ್ಲಿಲ್ಲ. ನನ್ನ ಬಾಯಲ್ಲಿ ರಕ್ತ ಇತ್ತು. ನೀವು ಬಂದುಹೋದ ಮರುದಿನವೇ ಗೊತ್ತಾಯ್ತು. ಹೇಳ್ಲಿಲ್ಲ.’

ವಸಂತಮ್ಮ ಅಂಗೈಯ ಮೆಣಸನ್ನು ಒಂದೂ ಬೀಳದಂತೆ ಬಟ್ಟಲಿಗೆ ಸುರಿದರು. ‘ಮರುದಿನವೇ?’

‘ಹೌದು.’

‘ಇವತ್ತಿಗೆ ಎಷ್ಟು ದಿನ ಆಯ್ತು?’

ಅವನು ಹೇಳಿದ. ಅವರು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ‘ನನ್ನತ್ರ ಹೇಳಿದ್ರೆ ಏನು ಬಂತು? ನಾನು ಮೂಟೆ ಇನ್ನೊಂದು ಕಡೆ ಮಾರ್ತೀನಿ. ಅವ್ನತ್ರ ಹೇಳಿ’ ಎಂದು ಒಳಗೆ ತಿರುಗಿ, ‘ತಂಗಮ್ಮಾ, ನರ್ಸರಿಗೆ ಹೋಗಿ ಲಿಂಗಪ್ಪನ್ನ ಕರಿ. ಕಾಫಿ ಆಮೇಲೆ’ ಎಂದರು.

ಲಿಂಗಪ್ಪ ಬಂದ. ನಿರಂಜನ ಊಹಿಸಿಕೊಂಡಷ್ಟು ಮುದುಕನಲ್ಲ. ಗಿಡ್ಡ, ಗಟ್ಟಿ ಆಳು. ಮೂವತ್ತು ವರ್ಷ ನೀರಿನಲ್ಲಿದ್ದು ಬೆಳ್ಳಗಾದ ಬೆರಳ ತುದಿಗಳಲ್ಲಿ ಈಗ ಕೆಂಪು ಮಣ್ಣು. ತಲೆಯ ಟವೆಲನ್ನು ತೆಗೆದು ಕಂಕುಳಲ್ಲಿಟ್ಟು ಮೆಟ್ಟಿಲ ಕೆಳಗೇ ನಿಂತ. ನಿರಂಜನ ಕೆಳಗಿಳಿದು ಅವನೆದುರು ನಿಂತು, ಮತ್ತೆ ಮೊದಲಿಂದ ಹೇಳಿದ. ಲಿಂಗಪ್ಪ ಕೇಳಿಸಿಕೊಂಡು, ಗೌರವದಿಂದ ನಕ್ಕು, ತಲೆ ಅಲ್ಲಾಡಿಸಿದ.

‘ಇಲ್ಲ ಸ್ವಾಮಿ. ತಪ್ಪು ನಂದೇಯ. ನೀವು ದೊಡ್ಡೋರು, ನಮ್ ಮೇಲಿನ ಕರುಣೆಗೆ ಹಂಗಂತೀರಿ. ನಂಗೂ ಮೊದ್ಲು ಗೊತ್ತಾಗ್ಲಿಲ್ಲ. ಆಮೇಲೆ ಕುಂತು ಕುಂತು ಯೋಚ್ನೆ ಮಾಡಿದ್ಮ್ಯಾಲೆ ನೆನಪಾಯ್ತು. ಆವತ್ತು ಮೊಮ್ಮಗೀಗೆ ಜ್ವರ ಇತ್ತು, ಬೇಗ ಹೊಂಟಿದ್ದೆ. ನಾಲ್ಕನೇ ನೀರು ಬಿಟ್ಟಿಲ್ಲ ನಾನು. ಚೌಡಿಗೆ ತಪ್ಪುಕಾಣ್ಕೆ ಕಟ್ಟಿ ಬಂದಿವ್ನಿ. ಈಗ ಮನ್ಸಿಗೆ ನಿರಾಳ ಐತೆ.’

ವಸಂತಮ್ಮ ಜಗಲಿಯ ಕಂಬ ಹಿಡಿದು ನೋಡುತ್ತಿದ್ದರು. ನಿರಂಜನನಿಗೆ ಒಂದು ಕ್ಷಣ ಅನಿಸಿತು: ಇಲ್ಲಿಗೆ ನಿಲ್ಲಿಸಬಹುದು. ನಾನು ಹೇಳಿದೆ, ಅವನು ಒಪ್ಪಲಿಲ್ಲ. ತಪ್ಪನ್ನು ಅವನೇ ಕೈನೀಡಿ ತೆಗೆದುಕೊಳ್ಳುತ್ತಿದ್ದಾನೆ, ದೇವರ ಮುಂದೆ ಇಟ್ಟೂ ಆಗಿದೆ, ಅವನ ಮನಸ್ಸು ನಿರಾಳವಾಗಿದೆಯಂತೆ. ನಾಲ್ಕೂವರೆಗೆ ವಾಪಸ್ ಬಸ್ಸಿದೆ. ಸೋಮವಾರ ಮೇಜು ಇರುತ್ತದೆ, ಬಟ್ಟಲುಗಳಿರುತ್ತವೆ. ಆಸೆಯಾಯಿತು. ಆಸೆಯಾದದ್ದಕ್ಕೆ ನಾಚಿಕೆಯಾಯಿತು. ತನ್ನ ಒಂದು ಸಾಲಿಗೆ ಹೊಂದಿಕೊಳ್ಳಲು ಈ ಮನುಷ್ಯ ಇಲ್ಲದ ಒಂದು ಮಧ್ಯಾಹ್ನವನ್ನೇ ತನ್ನೊಳಗೆ ಕಟ್ಟಿಕೊಂಡಿದ್ದ. ತೊಳೆದ ತನ್ನ ಕೈಗಿಂತ ದುಂಡಗೆ ಬರೆದ ಅಕ್ಷರವನ್ನು ಹೆಚ್ಚು ನಂಬಿದ್ದ. ‘ನಾಲ್ಕನೇ ನೀರು ಬಿಟ್ಟಿಲ್ಲ ಅಂತ ನಿಮಗೆ ಯಾವಾಗ ನೆನಪಾಯ್ತು? ಚೀಟಿ ಓದೋ ಮೊದಲೋ, ಆಮೇಲೋ?’ ಎಂದು ಕೇಳಿದ.

‘ಆಮೇಲೆ ಸ್ವಾಮಿ.’

‘ನೋಡಿ ಇಲ್ಲಿ’ ಎಂದು ನಿರಂಜನ ಕೆಳತುಟಿಯನ್ನು ಬೆರಳಿನಿಂದ ಎಳೆದು ತೋರಿಸಿದ. ಲಿಂಗಪ್ಪ ಹಿಂಜರಿದ, ವಸಂತಮ್ಮನವರ ಮುಖ ನೋಡಿದ, ಆಮೇಲೆ ಕರುವಿನ ಬಾಯಿ ನೋಡುವವನಂತೆ ಹತ್ತಿರ ಬಂದು ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ. ಅವನ ಉಸಿರಿನಲ್ಲಿ ಎಲೆಯಡಿಕೆಯ ವಾಸನೆ ಇತ್ತು. ‘ರಕ್ತ ಬತ್ತಾ ಐತೆ’ ಎಂದ.

‘ಆವತ್ತೂ ಬರ್ತಿತ್ತು. ನಾನು ರುಚಿ ನೋಡಿದ್ದು ಇದನ್ನ. ನಿಮ್ಮ ಕಾಫೀನ ಅಲ್ಲ.’

ಲಿಂಗಪ್ಪ ಹಿಂದೆ ಸರಿದು ನಿಂತ. ಕಂಕುಳಿನ ಟವೆಲು ಕೆಳಗೆ ಬಿತ್ತು, ಎತ್ತಿಕೊಳ್ಳಲಿಲ್ಲ. ಅವನ ಮುಖ ನಿಧಾನವಾಗಿ ಬದಲಾಯಿತು. ಅದು ಸಂತೋಷವಲ್ಲ. ‘ಹಂಗಾರೆ ನಾ ತೊಳ್ದಿದ್ದೆ’ ಎಂದ. ನಿರಂಜನನಿಗೆ ಹೇಳಿದ್ದಲ್ಲ. ತಿರುಗಿ ಮೇಲೆ ನೋಡಿ, ‘ಅಮ್ಮ, ನಾ ತೊಳ್ದಿದ್ದೆ. ನಾಲ್ಕನೇ ನೀರೂ ಬಿಟ್ಟಿದ್ದೆ’ ಎಂದ.

‘ಹೌದು ಕಣೋ. ತೊಳ್ದಿದ್ದೆ’ ಎಂದರು ವಸಂತಮ್ಮ.

‘ಮಸ್ಟರಿಗೆ ಬತ್ತಾರಲ್ಲ ಎಲ್ರೂ’ ಎಂದ ಲಿಂಗಪ್ಪ, ಈ ಸಲ ನಿರಂಜನನನ್ನೇ ನೋಡುತ್ತ. ‘ಅವತ್ತು ಚೀಟಿ ಓದಿದ್ರು. ಬಾಯಿಮಾತಲ್ಲಿ ಹೇಳಿದ್ರೆ ಅಮ್ಮನೋರು ಕರುಣೆ ತೋರ್ಸವ್ರೆ ಅಂತಾರೆ. ನೀವು ಬರ್ದು ಕೊಡ್ತೀರಾ ಸ್ವಾಮಿ?’

ವಸಂತಮ್ಮ ಒಳಗೆ ಹೋಗಿ ಕಾಗದ, ಪೆನ್ನು ತಂದು ಜಗಲಿಯ ಮೇಜಿನ ಮೇಲಿಟ್ಟರು. ‘ಕೊಟ್ರೆ ಇದು ನನ್ನ ಹತ್ರವೇ ಇರೋದಿಲ್ಲ. ಸೋಮವಾರ ನಿಮ್ಮ ಮ್ಯಾನೇಜರಿಗೂ ಕಳಿಸ್ತೀನಿ. ಗೊತ್ತಿರ್ಲಿ’ ಎಂದರು. ಗೊತ್ತಿದೆ ಎಂದ. ಕೂತು ಬರೆದ. ಆ ಕೈಬರಹ ಅದೇ, ಅದೇ ದುಂಡು ಅಕ್ಷರ. ದವಡೆ ತುಡಿಯುತ್ತಿತ್ತು. ತಾರೀಕು ಹಾಕಿ, ಹೆಸರಿನ ಕೆಳಗೆ ಕ್ಯೂರಿಂಗ್ ವರ್ಕ್ಸಿನಲ್ಲಿ ತಾನು ಮಾಡುವ ಕೆಲಸವನ್ನು ಬರೆಯುವಾಗ ಪೆನ್ನು ಒಂದು ಕ್ಷಣ ನಿಂತಿತು. ಈ ಕಾಗದದ ನಂತರ ಆ ಕೆಲಸ ತನ್ನದಲ್ಲ. ಆದರೂ ಬರೆದ.

ನಾಲ್ಕೂವರೆಯ ಬಸ್ಸು ಹೋಯಿತು. ಐದು ಗಂಟೆಗೆ ಅಂಗಳದಲ್ಲಿ ಆಳುಗಳು ಸೇರಿದರು, ನಲವತ್ತು ಜನವಾದರೂ ಇದ್ದರು. ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ, ಕತ್ತಿ ಹೆಡಗೆಗಳನ್ನು ಕಾಲಬುಡದಲ್ಲಿಟ್ಟು. ರೈಟರು ಹಾಜರಿ ಕೂಗಿ ಮುಗಿಸಿದ. ಜಗಲಿಯಲ್ಲಿ ಕೂರಿ ಎಂದು ಯಾರೂ ಹೇಳಲಿಲ್ಲವಾದ್ದರಿಂದ ನಿರಂಜನ ಅಂಗಳದ ಅಂಚಿನಲ್ಲೇ ನಿಂತಿದ್ದ. ವಸಂತಮ್ಮ ಕನ್ನಡಕ ಹಾಕಿಕೊಂಡು, ಕಾಗದವನ್ನು ಬೆಳಕಿಗೆ ಹಿಡಿದು, ದೊಡ್ಡ ದನಿಯಲ್ಲಿ ಓದಿದರು. ‘ಜನವರಿ ಹತ್ತೊಂಬತ್ತರಂದು ನಾನು ಬರೆದುಕೊಟ್ಟ ಚೀಟಿ ತಪ್ಪು. ಕಾಫಿಯಲ್ಲಿ ಕಬ್ಬಿಣದ ರುಚಿ ಇರಲಿಲ್ಲ. ನನ್ನ ಹಲ್ಲಿಗೆ ತಂತಿ ಕಟ್ಟಿಸಿಕೊಂಡು ಒಸಡಿನಲ್ಲಿ ರಕ್ತ ಬರುತ್ತಿದ್ದುದರಿಂದ ನನ್ನ ಬಾಯಿಯ ರುಚಿಯನ್ನು ಕಾಫಿಯದೆಂದು ಬರೆದೆ. ತೊಟ್ಟಿಯನ್ನು ಲಿಂಗಪ್ಪನವರು ಸರಿಯಾಗಿ ತೊಳೆದಿದ್ದರು.’ ಹಲ್ಲಿಗೆ ತಂತಿ ಎಂದಾಗ ಹೆಂಗಸರ ಕಡೆಯಿಂದ ಯಾರೋ ಕಿಸಕ್ಕೆಂದರು. ನಲವತ್ತು ಮುಖಗಳು ಇವನ ಬಾಯಿಯ ಕಡೆಗೆ ತಿರುಗಿದವು. ಅವನು ತಲೆ ತಗ್ಗಿಸಲಿಲ್ಲ, ಅಷ್ಟಾದರೂ ಮಾಡಬೇಕೆಂದು ನಿಂತ.

ವಸಂತಮ್ಮ ಕಾಗದ ಮಡಿಸಲು ಹೊರಟರು. ಆಳುಗಳು ಹೆಡಗೆ ಎತ್ತಿಕೊಳ್ಳತೊಡಗಿದರು. ಎಲ್ಲರಿಗಿಂತ ಮುಂದೆ, ಮಣ್ಣು ತೊಳೆದ ಕೈಗಳನ್ನು ಕಟ್ಟಿಕೊಂಡು ನಿಂತಿದ್ದ ಲಿಂಗಪ್ಪ ಕದಲಲಿಲ್ಲ.

‘ಇನ್ನೊಂದ್ಸಲ ಓದಿ ಅಮ್ಮ’ ಎಂದ.

ಎತ್ತಿದ ಹೆಡಗೆಗಳನ್ನು ಜನ ಮತ್ತೆ ಕೆಳಗಿಟ್ಟರು. ವಸಂತಮ್ಮ ನಿರಂಜನನ ಕಡೆಗೊಮ್ಮೆ ನೋಡಿ, ಕಾಗದ ಬಿಡಿಸಿ, ಮೊದಲಿನಿಂದ ಓದಿದರು.